ಅಳಿಯನ ಬಾಳೆ, ಮಾವನ ಭಾಂಡೆ ಅಂಗಡಿ

ನಗಬಾರದೆಂದು ಎಷ್ಟೇ ಗಟ್ಟಿ ಮನಸ್ಸು ಮಾಡಿಕೊಂಡು ಮನೆ ಬಿಟ್ಟರೂ, ಬಾಳೆತೋಟಕ್ಕೆ ಕಾಲಿಟ್ಟ ದಿನ ಏನಾದರೊಂದು ಆಗಿಯೇ ತೀರುತ್ತದೆ. ಹಾನಗಲ್ಲಿನ ಹೊರಗೆ, ರಸ್ತೆ ಪಕ್ಕದಲ್ಲಿ ನನ್ನದೊಂದು ಸಣ್ಣ ನರ್ಸರಿ ಇದೆ. ಹಸಿರು ಬಲೆಯ ನೆರಳು, ಅದರ ಕೆಳಗೆ ಸಾಲುಸಾಲು ಕಪ್ಪು ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಗೇಣುದ್ದದ ಬಾಳೆ ಸಸಿ. ಲ್ಯಾಬಿನಲ್ಲಿ ಬಾಟಲಿಯೊಳಗೆ ಬೆಳೆಸಿದ ಎಳೆಯ ಸಸಿಗಳನ್ನು ತಂದು, ಎರಡು ತಿಂಗಳು ಸಾಕಿ, ಗಟ್ಟಿ ಮಾಡಿ ರೈತರಿಗೆ ಮಾರುತ್ತೇನೆ. ಮಾರಿದ ಮೇಲೂ ಸುಮ್ಮನೆ ಕೂಡುವ ಜಾಯಮಾನ ನನ್ನದಲ್ಲ. ಸವಣೂರು, ಶಿಗ್ಗಾಂವಿ, ಹಿರೇಕೆರೂರು ಅಂತ ಬೈಕಿನ ಮೇಲೆ ತಿರುಗಿ, ಸಸಿಗಳು ಹೇಗಿವೆ ಎಂದು ನೋಡಿ ಬರುತ್ತೇನೆ. ಗಂಡನ ಮನೆಗೆ ಕಳಿಸಿದ ಮಗಳನ್ನು ನೋಡಲು ಹೋದ ಹಾಗೆ.

ಈ ಕೆಲಸವೆಂದರೆ ನನಗೆ ಪಂಚಪ್ರಾಣ. ನಮ್ಮ ಮಾವನವರ ಲೆಕ್ಕದಲ್ಲಿ ಮಾತ್ರ ಇದು ಉದ್ಯೋಗವೇ ಅಲ್ಲ. ಹಿರೇಕೆರೂರಿನಲ್ಲಿ ಅವರದು ದೊಡ್ಡ ಭಾಂಡೆ ಅಂಗಡಿ. ಕೊಡ, ತಂಬಿಗೆ, ತಾಟು, ಪಾತೇಲಿ ಏನು ಬೇಕಾದರೂ ಅಲ್ಲಿ ಸಿಗುತ್ತದೆ. ಅವರಿಗೆ ಒಬ್ಬಳೇ ಮಗಳು. ಅವಳನ್ನು ನಾನು ಕಟ್ಟಿಕೊಂಡಿದ್ದೇನೆ. ಹಾಗಾಗಿ ಗಲ್ಲಾಪೆಟ್ಟಿಗೆಯ ಮುಂದೆ ಅಳಿಯನನ್ನು ಕೂಡಿಸಬೇಕೆಂಬುದು ಅವರ ಬಹುದಿನದ ಆಸೆ. ಹೋದ ವರ್ಷ ಊರ ಮಗ್ಗುಲಿನ ತಮ್ಮ ಒಂದೆಕರೆ ಹೊಲದಲ್ಲಿ ಅರ್ಧ ನನಗೆ ಬಿಟ್ಟುಕೊಟ್ಟು ಹೇಳಿದರು:

“ಅಳಿಯಂದ್ರ, ಇಲ್ಲಿ ನಿಮ್ಮ ಬಾಟ್ಲಿ ಬಾಳಿ ಹಚ್ರಿ. ಗೊನಿ ಬಿದ್ದ ಮ್ಯಾಲೆ ನಾನಽ ಬಂದು ನೋಡ್ತೇನಿ. ನನ್ನ ಮನಸ್ಸಿಗೆ ಬಂತಂದ್ರ ನಿಮ್ಮ ನರ್ಸರಿ ನಿಮಗ. ಬರಲಿಲ್ಲಂದ್ರ ಶಟರ್ ಎಳದು ಅಂಗಡಿಗೆ ಬಂದು ಕುಂದ್ರಬೇಕು ನೋಡ್ರಿ.”

ನನ್ನ ನರ್ಸರಿಗೆ ಶಟರೇ ಇಲ್ಲ ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಆ ಅಂಗಡಿಯಲ್ಲಿ ಮಷಿನ್ನು ಹಿಡಿದು ತಾಟಿನ ಮೇಲೆ ಕಿರ್‍ರೆಂದು ಹೆಸರು ಕೊರೆಯುತ್ತಾರಲ್ಲ, ಆ ಸದ್ದಿಗೇ ನನ್ನ ಹಲ್ಲು ಜುಮ್ಮೆನ್ನುತ್ತವೆ. ಇನ್ನು ಜೀವಮಾನವಿಡೀ ಅದನ್ನು ಕೇಳುತ್ತ ಕೂಡುವುದೆಂದರೆ? ಹೂಂ ಅಂದೆ, ಸಸಿ ಹಚ್ಚಿದೆ. ಗಿಡ ಗೊನೆ ಬಿಡಲು ಏಳೆಂಟು ತಿಂಗಳು ಬೇಕು. ಅಷ್ಟೂ ತಿಂಗಳು ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಲೇ ಇತ್ತು. ಆ ನಡುವೆ ನಡೆದವು ಇವು.

ತಬ್ಬಲಿ ಕೂಸು

ಸವಣೂರಿನ ಕಡೆ ಒಬ್ಬ ಅಜ್ಜಿ. ಎಲೆಬಳ್ಳಿ ತೋಟದ ಮಗ್ಗುಲಿಗೆ ಖಾಲಿ ಬಿದ್ದ ತುಂಡು ಭೂಮಿಯಲ್ಲಿ ಬಾಳೆ ಹಚ್ಚಬೇಕೆಂದು ನನ್ನನ್ನು ಕರೆಸಿದ್ದಳು. ಮಾದರಿಗೆಂದು ಒಯ್ದ ಸಸಿಯನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದಳು:

“ಇದರ ತಾಯಿ ಎಲ್ಲೈತೋ ಯಪ್ಪಾ?”

ಅಜ್ಜಿಯ ಪ್ರಶ್ನೆ ತಪ್ಪಲ್ಲ. ಹಳೆಯ ಪದ್ಧತಿಯಲ್ಲಿ ತಾಯಿಗಿಡದ ಬುಡದಲ್ಲಿ ಹುಟ್ಟಿದ ಮರಿಯನ್ನು ಕಿತ್ತು ತಂದು ಹಚ್ಚುತ್ತಾರೆ. ಕೀಳುವ ಮುಂಚೆ ತಾಯಿಯ ಗೊನೆ ಎಂಥದ್ದು, ಹಣ್ಣು ಎಂಥದ್ದು ಎಂದು ನೋಡುತ್ತಾರೆ. “ತಾಯಂಗ ಮಗಳು, ನೂಲಿನಂಗ ಸೀರಿ” ಎಂಬುದು ಹೆಣ್ಣು ತರುವಾಗ ಹೇಗೋ ಬಾಳೆ ತರುವಾಗಲೂ ಹಾಗೆ.

“ತಾಯಿ ಇಲ್ಲಬೇ ಅಜ್ಜಿ. ಇವನ್ನ ಲ್ಯಾಬಿನ್ಯಾಗ, ಬಾಟ್ಲ್ಯಾಗ ಬೆಳಸ್ತಾರ.”

“ಅಯ್ಯ ಶಿವನ! ಹುಟ್ಟಿದಾಗಿಂದ ತಬ್ಬಲಿ ಏನು?”

ಅಜ್ಜಿ ಸೆರಗಿನ ತುದಿಯಿಂದ ಸಸಿಯ ಎಲೆಯ ಮೇಲಿನ ಧೂಳು ಒರೆಸಿದಳು. ನಾನು ರೋಗ ಬರುವುದಿಲ್ಲ, ಎಲ್ಲ ಒಮ್ಮೆಲೇ ಗೊನೆ ಬಿಡುತ್ತವೆ ಎಂದು ಕಲಿತ ಪಾಠವೆಲ್ಲ ಒಪ್ಪಿಸಿದೆ. ಅದೊಂದೂ ಅವಳ ಕಿವಿಗೆ ಬೀಳಲಿಲ್ಲ. “ತಾಯಿ ಇಲ್ಲದ ಮಕ್ಕಳನ್ನ ಬೀದ್ಯಾಗ ಬಿಡಬಾರದು” ಎಂದು ಐವತ್ತು ಸಸಿ ಇಳಿಸಿಕೊಂಡಳು. ವ್ಯಾಪಾರ ಅಂದರೆ ವ್ಯಾಪಾರ, ನಾನೂ ಎದುರಾಡಲಿಲ್ಲ.

ಐದಾರು ತಿಂಗಳಾದ ಮೇಲೆ ಒಂದು ದಿನ ಫೋನು. “ಲಗೂನ ಬಾ” ಅಂದು ಇಟ್ಟುಬಿಟ್ಟಳು. ಸಸಿಗಳಿಗೆ ಏನಾಯಿತೋ ಎಂದು ಗಾಬರಿಯಲ್ಲಿ ಬೈಕ್ ಓಡಿಸಿಕೊಂಡು ಹೋದೆ. ನೋಡಿದರೆ ಗಿಡಗಳು ಆನೆಮರಿಯ ಹಾಗೆ ಬೆಳೆದಿವೆ, ಬುಡದಲ್ಲಿ ಎರಡು ಮೂರು ಮರಿ ಎದ್ದಿವೆ. ಅಜ್ಜಿಯ ಮುಖದಲ್ಲಿ ಸಂಭ್ರಮವೋ ಸಂಭ್ರಮ.

“ನೋಡಪಾ, ನಿನ್ನ ಕೂಸುಗಳು ಹಡದಾವ!”

“ಚಲೋ ಆತು ಬಿಡಬೇ ಅಜ್ಜಿ. ಅದಕ್ಕ ಇಷ್ಟು ಗಡಿಬಿಡಿಲೆ ಕರೀಬೇಕೇನು?”

“ಕರೀದಽ ಮತ್ತ? ಇವಕ್ಕ ತಾಯಿಲ್ಲ, ತಂದಿಲ್ಲ. ತವರಮನಿ ಅಂದ್ರ ನೀನಽ. ಚೊಚ್ಚಲ ಬಾಣಂತನ ತವರಮನಿಯವ್ರು ಮಾಡಬೇಕು ಹೌದಿಲ್ಲೋ? ಎರಡ ಟ್ರಾಲಿ ತಿಪ್ಪಿಗೊಬ್ಬರ ತಂದ ಹಾಕು.”

ಹಾಕಿಸಿಕೊಟ್ಟೆ. ತವರಿನ ಮಾನದ ಪ್ರಶ್ನೆ.

ಬಾಳೆಯೊಳಗೆ ಅತ್ತೆ

ಶಿಗ್ಗಾಂವಿ ಹತ್ತಿರ ನನ್ನ ಗಿರಾಕಿಯೊಬ್ಬ ಮನೆ ಅಳಿಯ. ಹೆಂಡತಿಯ ತವರಿನಲ್ಲೇ ಇದ್ದು, ಅತ್ತೆಯ ಹೊಲವನ್ನು ಮಾಡುವವನು. ಅತ್ತೆ ಹುಲಿಯಂಥ ಹೆಂಗಸು. ಅಳಿಯನಿಗೆ ಬೀಡಿ ಚಟ. ಅತ್ತೆಗೆ ಬೀಡಿಯ ವಾಸನೆ ಬಂದರೆ ಊರೆಲ್ಲ ಕೇಳುವಂತೆ ಜಾಡಿಸುವ ಚಟ. ಹಾಗಾಗಿ ಅವನ ಬೀಡಿಯೆಲ್ಲ ಹೊಲದ ಬದುವಿನ ಮೇಲೆಯೇ ನಡೆಯುತ್ತಿತ್ತು. ನನ್ನ ಕಥೆ ಕೇಳಿದಾಗಲೆಲ್ಲ ಅವನು ಹೇಳುತ್ತಿದ್ದ: “ಏನರ ಮಾಡ್ರಿ, ಮಾವನ ಅಂಗಡ್ಯಾಗ ಮಾತ್ರ ಕುಂದ್ರಬ್ಯಾಡ್ರಿ. ನನ್ನ ನೋಡಿ ಕಲೀರಿ.”

ಬೇಸಿಗೆಯಲ್ಲಿ ಬಿಸಿಲಿಗೆ ಕಾಯಿ ಸುಟ್ಟು ಕಪ್ಪಾಗುತ್ತವೆ, ಗೊನೆಗೆ ಹಳೆಯ ಬಟ್ಟೆಯನ್ನಾದರೂ ಸುತ್ತಿ ಎಂದು ನಾನು ಅವನ ಹೆಂಡತಿಗೆ ಹೇಳಿ ಬಂದಿದ್ದೆ. ಅವನು ಬಂಕಾಪುರಕ್ಕೆ ಹೋದ ದಿನ ಅವನ ಹೆಂಡತಿ ಪೆಟ್ಟಿಗೆ ತೆಗೆದು, ಅವ್ವನ ಹಳೆಯ ಸೀರೆಗಳನ್ನೆಲ್ಲ ತಂದು ಗೊನೆಗೊನೆಗೂ ಸುತ್ತಿದಳು. ಗಂಡನಿಗೆ ಹೇಳಲು ಮರೆತಳು.

ಹದಿನೈದು ದಿನ ಬಿಟ್ಟು ಹೋದೆ. ಅಳಿಯ ಸೊರಗಿ ಕಡ್ಡಿಯಾಗಿದ್ದ.

“ಏನಾತು? ಆರಾಮಿಲ್ಲೇನು?”

“ಬೀಡಿ ಸೇದಾಕ ಆಗವಲ್ದು ರೀ. ಕಡ್ಡಿ ಗೀರಿ ತಲಿ ಎತ್ತೂದಕ್ಕ, ಅತ್ತಿ ಬಾಳ್ಯಾಗ ನಿಂತಿರ್ತಾಳ. ಹಿಂಗಡೆ ಬದುವಿಗೆ ಹೋದ್ರ ಅಲ್ಲೂ ನಿಂತಿರ್ತಾಳ. ಮನಿಗೆ ಹೋಗಿ ನೋಡಿದ್ರ ಕಟ್ಟಿ ಮ್ಯಾಲೆ ಶೇಂಗಾ ಬಿಡಸಾಕತ್ತಿರ್ತಾಳ! ಹೆಂಗ ಓಡಿ ಬರ್ತಾಳೋ ತಿಳೀವಲ್ದು.”

ನಾನು ಅವನ ಕೈ ಹಿಡಿದು ಬಾಳೆಯೊಳಗೆ ಕರೆದುಕೊಂಡು ಹೋಗಿ ಒಂದೊಂದೇ ಗೊನೆ ತೋರಿಸಿದೆ. ಅಲ್ಲೊಂದು ಹಸಿರು ಸೀರೆ, ಇಲ್ಲೊಂದು ನೇರಳೆ ಸೀರೆ. ಅವನು ಹಣೆ ಹಣೆ ಬಡಿದುಕೊಂಡ. ನಕ್ಕ. ಹದಿನೈದು ದಿನದ ಬಾಕಿಯನ್ನೆಲ್ಲ ಒಂದೇ ಉಸಿರಿಗೆ ತೀರಿಸುವವನಂತೆ ಬೀಡಿ ಹಚ್ಚಿ, ಎದುರಿಗಿದ್ದ ಹಸಿರು ಸೀರೆಯ ಕಡೆ ಹೊಗೆ ಬಿಟ್ಟು ಅಂದ: “ಏನಬೇ ಅತ್ತಿ, ಈಗ ಬೈ ನೋಡೋಣು!”

ಆ ಹಸಿರು ಸೀರೆ ಗೊನೆಗೆ ಸುತ್ತಿದ್ದಾಗಿರಲಿಲ್ಲ. ಅತ್ತೆ ನಮಗೆ ಚಹಾ ತಂದಿದ್ದಳು.

ಹಗಲು ಗೊರಕೆ

ಹಾನಗಲ್ ತಾಲೂಕಿನಲ್ಲಿ ಮಂಗಗಳ ಕಾಟ ವಿಪರೀತ. ಅಲ್ಲೊಬ್ಬ ರೈತ ಪಟಾಕಿ ಹಾರಿಸಿ, ತಗಡು ಬಡಿದು ಸೋತು ಹೋಗಿದ್ದ. ಕೊನೆಗೆ ಉಪಾಯ ಹುಡುಕಿದ್ದು ಅವನ ಹೆಂಡತಿ. ತಳ್ಳುಗಾಡಿಯವರು “ಉಳ್ಳಾಗಡ್ಡಿ, ಬಟಾಟಿ” ಎಂದು ಕೂಗಿಸಲು ಇಟ್ಟುಕೊಳ್ಳುತ್ತಾರಲ್ಲ, ಅಂಥ ಧ್ವನಿ ತುಂಬಿಸುವ ಸ್ಪೀಕರ್ ತರಿಸಿದಳು. ಮಧ್ಯಾಹ್ನ ಗಂಡ ಉಂಡು ಮಲಗಿದಾಗ ಅವನ ಗೊರಕೆಯನ್ನು ಅದರಲ್ಲಿ ತುಂಬಿಸಿ, ತೋಟದ ಗುಡಿಸಲಲ್ಲಿಟ್ಟು ಹಚ್ಚಿದಳು. ಮಂಗಗಳಿಗೆ ಅದೇನು ಪ್ರಾಣಿಯೆಂದು ತಿಳಿಯಲಿಲ್ಲ. ಒಂದೇ ದಿನಕ್ಕೆ ಆಚೆ ಊರು ಸೇರಿದವು.

ಬಾಳೆ ಉಳಿಯಿತು, ಗಂಡನ ಮಾನ ಹೋಯಿತು. ಸೂರ್ಯ ಹುಟ್ಟುವ ಮೊದಲೇ ಹೊಲಕ್ಕೆ ಬರುವವನು ಎಂದು ಹೆಸರಾದ ಮನುಷ್ಯ. ಈಗ ರಸ್ತೆಯ ಮೇಲೆ ಹೋಗುವವರೆಲ್ಲ, “ಪಾಪ, ಇವ್ರು ಇತ್ತಿತ್ಲಾಗ ಬರೇ ಮಲಗೂದಽ ಆತು” ಎಂದು ಮರುಗತೊಡಗಿದರು.

ಅದೇ ಹೊತ್ತಿಗೆ ರಟ್ಟೀಹಳ್ಳಿ ಕಡೆಯಿಂದ ಅವನ ಮಗಳನ್ನು ನೋಡಲು ಹುಡುಗನ ತಂದೆ, ತಾಯಿ ಬಂದರು. ಸೀದಾ ತೋಟಕ್ಕೇ ಬಂದವರಿಗೆ ಗುಡಿಸಲಿನಿಂದ ಗೊರಕೆ ಕೇಳಿಸಿತು. ದೊಡ್ಡವರನ್ನು ಎಬ್ಬಿಸಬಾರದೆಂದು ಇಬ್ಬರೂ ಬೇವಿನ ನೆರಳಲ್ಲಿ ಕೂತರು. ಒಂದು ತಾಸಾಯಿತು. ಅಷ್ಟರಲ್ಲಿ ಆಚೆ ಕಡೆ ನೀರು ಹಾಯಿಸುತ್ತಿದ್ದ ರೈತ ಹೆಗಲ ಮೇಲೆ ಸಲಿಕೆ ಹೊತ್ತು, ಮೊಣಕಾಲ ತನಕ ಕೆಸರು ಮೆತ್ತಿಕೊಂಡು ಬಂದ. ಗೊರಕೆ ನಡೆದೇ ಇತ್ತು.

“ಯಜಮಾನ್ರು ಯಾವಾಗ ಏಳ್ತಾರ್ರಿ?” ಎಂದು ಹುಡುಗನ ತಂದೆ ಮೆಲ್ಲಗೆ ಕೇಳಿದರು.

“ಯಜಮಾನ ನಾನಽ ರೀ.”

“ಹಂಗಾದ್ರ ಒಳಗ ಮಲಗಿದವ್ರು?”

“ಅದೂ ನಾನಽ ರೀ.”

ಹುಡುಗನ ತಾಯಿ ಗಾಬರಿಯಾಗಿ ಎದ್ದು ನಿಂತರಂತೆ. ಕಡೆಗೆ ಸ್ಪೀಕರ್ ಹೊರತಂದು ತೋರಿಸಿ, ಮಂಗಗಳ ಕಥೆಯನ್ನೆಲ್ಲ ಹೇಳಿದ ಮೇಲೆಯೇ ಅವರು ಮತ್ತೆ ಕೂತದ್ದು. ಲಗ್ನ ಗಟ್ಟಿಯಾಯಿತು. ಮಾತುಕತೆಯಲ್ಲಿ ಹುಡುಗನ ಕಡೆಯವರು ಬಂಗಾರ ಕೇಳಲಿಲ್ಲ, ಬೆಳ್ಳಿ ಕೇಳಲಿಲ್ಲ. ತಮ್ಮ ಹೊಲದಲ್ಲೂ ಮಂಗಗಳಿವೆ, ಬೀಗರ ಗೊರಕೆ ಒಂದಿಷ್ಟು ತುಂಬಿಸಿ ಕೊಡಿ ಅಂದರು.

ಊರು ತಿರುಗಿದ ಗೊನೆ

ಈ ಪ್ರಸಂಗದಲ್ಲಿ ಮಂಗ ಆದದ್ದು ನಾನೇ. ನಮ್ಮ ಕಡೆ ಮೊದಲ ಗೊನೆ ಕಡಿದಾಗ ಸಸಿ ಕೊಟ್ಟವನಿಗೆ ಒಂದು ಗೊನೆ ಕೊಡದೆ ಕಳಿಸುವುದಿಲ್ಲ. ಬೇಡ ಅಂದರೆ ಸಿಟ್ಟಾಗುತ್ತಾರೆ. ಆ ದಿನ ಬೆಳಿಗ್ಗೆ ಅಕ್ಕಿಆಲೂರಿನ ಹತ್ತಿರದ ಗೌಡರೊಬ್ಬರು ಮೂವತ್ತು ಕಿಲೋದ ಗೊನೆಯನ್ನು ಬೈಕಿಗೆ ಕಟ್ಟಿ ಕಳಿಸಿದರು. ಅದನ್ನು ಹೊತ್ತು ಎಲ್ಲಿಗೆಂದು ತಿರುಗಲಿ? ಮುಂದಿನ ಊರಿನ ಮನೆಯಲ್ಲಿ “ನಿಮಗಂತಽ ತಂದೇನಿ” ಎಂದು ಇಳಿಸಿದೆ. ಅವರು ಖುಷಿಯಾಗಿ, ಏಳುವಾಗ ತಮ್ಮದೊಂದು ಗೊನೆ ಕಟ್ಟಿದರು. ಅದನ್ನು ಮೂರನೆಯ ಮನೆಗೆ ಇಳಿಸಿದೆ. ಅವರೂ ಒಂದು ಕಟ್ಟಿದರು. ಸಂಜೆಯ ತನಕ ಇದೇ ಕಸುಬು.

ಮರುದಿನ ಗೌಡರ ಫೋನು.

“ಏನ್ರಿ, ನಮ್ಮ ಗೊನಿ ಚಲೋ ಅನಿಸಲಿಲ್ಲೇನು?”

“ಛೇ ಛೇ, ಬಂಗಾರದಂಥಾ ಗೊನಿ ರೀ ಗೌಡ್ರ. ನಮ್ಮ ಮನ್ಯಾಗ ಎಲ್ಲಾರೂ ಅದನ್ನಽ ತಿನ್ನಾಕತ್ತಾರ.”

“ಹೌದಾ? ನೀವು ನಿನ್ನೆ ಮುಂದಿನ ಊರಾಗ ಗೊನಿ ಇಳಿಸಿ ಬಂದ್ರಲ್ಲ, ಅದು ನಮ್ಮ ಮಗಳ ಮನಿ. ಅಳಿಯಂದ್ರು ಮುಂಜಾನೆ ಅದನ್ನ ನಮಗಽ ತಂದು ಕೊಟ್ಟು ಹೋದ್ರು. ಯಾರೋ ಶಾಣ್ಯಾ ಮನಷ್ಯಾ ನಿಮಗಂತಽ ತಂದೇನಿ ಅಂತ ಕೊಟ್ಟಾನಂತ.”

ಆ ವಾರ ಅಕ್ಕಿಆಲೂರಿನ ದಾರಿಯನ್ನೇ ತುಳಿಯಲಿಲ್ಲ.

ಮಾವನವರ ಪರೀಕ್ಷೆ

ಅಂತೂ ಆ ದಿನ ಬಂತು. ಮಾವನವರ ಹೊಲದಲ್ಲಿ ಮುಂದಿನ ಸಾಲಿನ ಹತ್ತು ಗಿಡ ಎಲ್ಲಕ್ಕಿಂತ ಮೊದಲು ಗೊನೆ ಬಿಟ್ಟವು. ಒಂದೊಂದು ಗೊನೆಯೂ ಮಗುವಿನಷ್ಟು ದಪ್ಪ. ಹಿಗ್ಗಿನಿಂದ ಫೋನು ಮಾಡಿದೆ.

“ಗೊನಿ ಬಿದ್ದಾವ್ರಿ ಮಾವಾ!”

“ಶಾಬಾಶ್. ಯಾವ ದಿಕ್ಕಿಗೆ ಬಿದ್ದಾವ?”

“ದಿಕ್ಕು?”

“ದಕ್ಷಿಣಕ್ಕ ಮಾರಿ ಮಾಡಿ ಬಿದ್ದ ಗೊನಿ ಮನಿಗೆ ಚಲೋ ಅಲ್ರಿ. ಯಮನ ದಿಕ್ಕು ಅದು. ನಮ್ಮ ಅಜ್ಜ ಇದ್ದಾಗ ಹಂತಾ ಗೊನಿ ಬಿದ್ರ ಗಿಡ ಸಮೇತ ಕಡದು ಒಗೀತಿದ್ರು. ಇರ್ಲಿ, ನಾಳೆ ಒಂಬತ್ತಕ್ಕ ಬಂದು ನೋಡ್ತೇನಿ.”

ನಾನು ಮತ್ತೆ ಹೊಲಕ್ಕೆ ಓಡಿದೆ. ದಕ್ಷಿಣಕ್ಕೆ ಬಯಲು, ಬೆಳಕು ಹೆಚ್ಚು. ಹತ್ತಕ್ಕೆ ಹತ್ತೂ ಗೊನೆ ಆ ಕಡೆಗೇ ವಾಲಿಕೊಂಡು ತೂಗುತ್ತಿದ್ದವು. ಬಾಳೆಗೆ ಏನು ಗೊತ್ತು ಯಮ, ಕುಬೇರ?

ಮರುದಿನ ಬೆಳಿಗ್ಗೆ ಆರಕ್ಕೇ ನಾನು, ನನ್ನ ಹೆಂಡತಿ ಹಗ್ಗ ಹಿಡಿದು ನಿಂತೆವು. ಬಟ್ಟೆ ಒಣಹಾಕುವ ಹಗ್ಗ, ಎತ್ತಿನ ಕಣ್ಣಿ, ಕೈಗೆ ಸಿಕ್ಕದ್ದೆಲ್ಲ ತಂದಿದ್ದೆವು. ಗೊನೆಯ ದಂಟಿಗೆ ಮೆತ್ತನೆಯ ಬಟ್ಟೆ ಸುತ್ತಿ, ಹಗ್ಗ ಕಟ್ಟಿ, ಪೂರ್ವಕ್ಕೆ ಗೂಟ ಹೊಡೆದು ಎಳೆದೇ ಎಳೆದೆವು. ದಂಟು ಮುರಿದರೆ ನರ್ಸರಿಯೂ ಮುರಿದ ಹಾಗೆ, ಎಳೆಯದಿದ್ದರೂ ಹೋದ ಹಾಗೆ. ಹೆಂಡತಿ ಬೆವರು ಒರೆಸಿಕೊಳ್ಳುತ್ತ ಅಂದಳು: “ಇಷ್ಟು ಎಳದಿದ್ರ ನಮ್ಮಪ್ಪನಽ ಪೂರ್ವಕ್ಕ ತಿರಗತಿದ್ದ.”

ಒಂಬತ್ತಕ್ಕೆ ಸರಿಯಾಗಿ ಮಾವನವರು ಬಂದರು. ಬಿಳಿ ಧೋತರ, ಹೆಗಲ ಮೇಲೆ ಟವೆಲ್ಲು. ಹತ್ತು ಗೊನೆಯೂ ಹತ್ತು ಹಗ್ಗಕ್ಕೆ ಬಿಗಿದುಕೊಂಡು ಪೂರ್ವಕ್ಕೆ ನೋಡುತ್ತಿದ್ದವು.

“ಇದೇನ್ರಿ ಅಳಿಯಂದ್ರ, ಬಾಳಿ ಕಟ್ಟಿ ಹಾಕೀರಿ? ಓಡಿ ಹೋಗ್ತಾವೇನು?”

“ಗಾಳಿ ಭಾಳ ರೀ ಮಾವಾ.”

ಸುತ್ತ ಒಂದೆಲೆಯೂ ಅಲುಗುತ್ತಿರಲಿಲ್ಲ. ಮಾವನವರದು ಮೂಲತಃ ಮೆತ್ತನೆಯ ಕರುಳು. “ಪಾಪ, ಕುತಗಿಗೆ ಉರ್ಲು ಹಾಕಿದಂಗ ಕಾಣತೈತಿ” ಎಂದು ತಾವೇ ಹೋಗಿ ಮೊದಲ ಗೊನೆಯ ಹಗ್ಗ ಬಿಚ್ಚಿದರು. ಗೊನೆ ಮೆಲ್ಲಗೆ ತಿರುಗಿ ದಕ್ಷಿಣಕ್ಕೆ ನಿಂತಿತು. ಎರಡನೆಯದನ್ನು ಬಿಚ್ಚಿದರು. ಅದೂ ದಕ್ಷಿಣ. ಮೂರು, ನಾಲ್ಕು, ಐದು. ಹತ್ತನೆಯದು ತಿರುಗುವ ಹೊತ್ತಿಗೆ ನಾನು ಮನಸ್ಸಿನಲ್ಲೇ ತಾಟಿನ ಮೇಲೆ ಹೆಸರು ಕೊರೆಯತೊಡಗಿದ್ದೆ.

ಮಾವನವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು.

“ಹತ್ತೂ ದಕ್ಷಿಣ! ಅಳಿಯಂದ್ರ, ಹತ್ತೂ ಯಮನ ಮನಿ ಕಡೆ ಮಾರಿ ಮಾಡಿ ನಿಂತಾವ್ರಿ!”

ಹೆಂಡತಿ ಮುಂದೆ ಬಂದಳು.

“ಅಪ್ಪಾ, ಒಂದ ಸಲ ಈ ಗೊನಿ ಹಿಂದ ನಿಂತು ಆ ಕಡೆ ನೋಡ್ರಿ. ಯಾರ ಮನಿ ಕಾಣತೈತಿ?”

ಮಾವನವರು ನಿಂತು ನೋಡಿದರು. ಆಚೆ ಗೋವಿನಜೋಳದ ಹೊಲ, ಅದರಾಚೆ ಊರಿನ ಅಂಚು. ಆ ಅಂಚಿನಲ್ಲಿ ಒಂದು ಮನೆ, ಅದರ ಮಾಳಿಗೆಯ ಮೇಲೆ ಆಳೆತ್ತರದ ಹಿತ್ತಾಳೆ ಕೊಡ ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಮನೆಗೆ ಅಂಗಡಿಯ ಗುರುತಿರಲೆಂದು ಅದನ್ನು ಅಲ್ಲಿ ಕೂಡಿಸಿದವರು ಮಾವನವರೇ.

“ಯಮನ ಮನಿ ಅಂದ್ರಲ್ಲಪ್ಪಾ,” ಅಂದಳು ಹೆಂಡತಿ, “ಅಲ್ಲಿ ನಮ್ಮವ್ವ ಈಗ ನಿಮಗ ರೊಟ್ಟಿ ಬಡಿಯಾಕತ್ತಾಳ. ನೀವು ಹಿಂಗಂದ್ರಿ ಅಂತ ಆಕಿಗೆ ಹೇಳ್ಲೇನು?”

ಮಾವನವರು ಒಮ್ಮೆ ಗೊನೆ ನೋಡಿದರು, ಒಮ್ಮೆ ಕೊಡ ನೋಡಿದರು. ಹತ್ತೂ ಗೊನೆ ಅವರ ಮನೆಯ ಕಡೆ ತಲೆ ತಗ್ಗಿಸಿ ನಿಂತಿದ್ದವು. ನೋಡುತ್ತ ನೋಡುತ್ತ ಅವರ ಮೀಸೆಯ ಕೆಳಗೆ ನಗು ಹುಟ್ಟಿತು. ಒಂದು ಗೊನೆಯ ಕೆಳಗೆ ಕೈಯಿಟ್ಟು, ಕೂಸಿನ ಗದ್ದ ಹಿಡಿದ ಹಾಗೆ ಹಿಡಿದು ಮಗಳಿಗೆ ಹೇಳಿದರು:

“ಲಗ್ನ ಆಗಿ ನಾಕ ವರ್ಷ ಆತು. ಅಳಿಯಂದ್ರು ಒಂದ ದಿನಾರ ನಮ್ಮ ಮನಿಗೆ ತಲಿ ಬಗ್ಗಿಸಲಿಲ್ಲ. ಅವ್ರ ಬಾಳಿಯಾರ ಬಗ್ಗಿಸ್ತು ನೋಡವಾ!”

ಅಂದು ಸಂಜೆಯೊಳಗೆ ಹಿರೇಕೆರೂರಿನ ಅರ್ಧ ಪೇಟೆಯನ್ನು ಹೊಲಕ್ಕೆ ಕರೆತಂದು, ತಮ್ಮ ಮನೆಗೆ ಬಾಳೆ ನಮಸ್ಕಾರ ಮಾಡುವುದನ್ನು ತೋರಿಸಿದರು. ಎಲ್ಲರೂ ಹೋದ ಮೇಲೆ ನನ್ನ ಹೆಗಲ ಮೇಲೆ ಕೈ ಹಾಕಿದರು.

“ಅಂಗಡಿ ಮಾತು ಇವತ್ತಿಗೆ ಬಿಟ್ಟೆ. ನಿಮ್ಮ ನರ್ಸರಿ ನಿಮಗ. ಉಳದ ಅರ್ಧ ಎಕರೇಕ್ಕೂ ಇದಽ ಬಾಳಿ ಹಚ್ರಿ.”

ಸುಳ್ಳೇಕೆ ಹೇಳಲಿ, ನನ್ನ ಕಣ್ಣಲ್ಲಿ ನೀರು ಬಂತು. ನಾಲ್ಕು ವರ್ಷದಲ್ಲಿ ಮೊದಲ ಸಲ ಮನಸ್ಸಿಟ್ಟು ಅವರ ಕಾಲಿಗೆ ಬಗ್ಗಿದೆ. ಅವರು ನನ್ನ ತಲೆಯ ಮೇಲೆ ಕೈಯಿಟ್ಟರು, ಆಮೇಲೆ ಬೆರಳು ಎತ್ತಿದರು.

“ಆದ್ರ ಒಂದ ಮಾತು, ಅಳಿಯಂದ್ರ. ಅದರಾಗ ಒಂದಽ ಒಂದ ಗೊನಿ ನಿಮ್ಮ ಹಾನಗಲ್ಲ ಕಡೆ ಮಾರಿ ಮಾಡಿ ಬಗ್ಗಿತೋ, ಗಿಡ ಸಮೇತ ಕಡದು ಒಗೀತೇನಿ!”